ಊರಿನ ಹೆರಿಗೆ ಲೆಕ್ಕ ಓದುವ ಬಗೆ

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟದ ಡೇರಿಗೆ ಮಂಡ್ಯ ಜಿಲ್ಲೆಯ ಊರೂರುಗಳ ಹಾಲು ಬಂದು ಸೇರುತ್ತದೆ. ಅದಕ್ಕೂ ಮುನ್ನ ಹಳ್ಳಿಯ ಸಂಘದಲ್ಲಿ ದಿನಕ್ಕೆ ಎರಡು ಹೊತ್ತು ಹಾಲಿನ ಅಳತೆ, ಕೊಬ್ಬಿನಂಶ, ಡಿಗ್ರಿ ಎಲ್ಲವೂ ಪುಸ್ತಕಕ್ಕೆ ಏರುತ್ತವೆ. ಒಂದು ಹೊತ್ತು ಡಿಗ್ರಿ ಕಡಮೆ ಬಂತೆಂದು ಯಾರೂ ಹಸುವನ್ನು ಸಂತೆಗೆ ಹೊಡೆಯುವುದಿಲ್ಲ. ನಾಲ್ಕು ದಿನ ನೋಡುತ್ತಾರೆ, ಹಿಂದಿನ ಬಟವಾಡೆಯೊಡನೆ ಹೋಲಿಸುತ್ತಾರೆ, ಮೇವು ಬದಲಾಯಿತೋ ಕೆಚ್ಚಲು ಬಾವು ಬಂತೋ ಎಂದು ವಿಚಾರ ಮಾಡುತ್ತಾರೆ. ಹಸುವಿನ ಲೆಕ್ಕವನ್ನು ಇಷ್ಟು ಚೆನ್ನಾಗಿ ಓದಬಲ್ಲ ಊರಿನಲ್ಲಿ ಮನುಷ್ಯರ ಆರೋಗ್ಯದ ಲೆಕ್ಕವನ್ನು ಮಾತ್ರ ಬರೆದವರೂ ಮತ್ತೆ ತೆರೆದು ನೋಡುವುದು ಅಪರೂಪ. ಆಶಾ ಕಾರ್ಯಕರ್ತೆಯ ಪುಸ್ತಕ, ಅಂಗನವಾಡಿಯ ದಾಖಲೆ, ಆರೋಗ್ಯ ಸಹಾಯಕಿಯ ಗರ್ಭಿಣಿಯರ ಪಟ್ಟಿ ಇವೆಲ್ಲವೂ ತಿಂಗಳಿಗೊಮ್ಮೆ ಮೇಲಿನ ಕಚೇರಿಗೆ ಹೋಗುತ್ತವೆ. ಅವುಗಳಲ್ಲಿ ಊರಿಗೆ ಏನು ತಿಳಿಯಬೇಕೋ ಅದು ಊರಿಗೆ ಮರಳಿ ಬರುವುದಿಲ್ಲ.

ಮಂಡ್ಯ ಸೀಮೆಗೆ ಆರೋಗ್ಯದ ಲೆಕ್ಕ ಹೊಸದೇನೂ ಅಲ್ಲ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಬಂದಾಗ ಬತ್ತ ಮತ್ತು ಕಬ್ಬಿನೊಡನೆ ಮಲೇರಿಯಾ ಜ್ವರವೂ ಬಂದಿತು. ಯಾವ ಊರಿನಲ್ಲಿ ಜ್ವರ ಎಷ್ಟು ಬೇರೂರಿದೆ ಎಂದು ತಿಳಿಯಲು ಆ ಕಾಲದಲ್ಲಿ ಮಕ್ಕಳ ಹೊಟ್ಟೆಯ ಎಡಭಾಗವನ್ನು ಮುಟ್ಟಿ, ನೂರಕ್ಕೆ ಎಷ್ಟು ಮಕ್ಕಳ ಗುಲ್ಮ ಊದಿದೆ ಎಂದು ಎಣಿಸುತ್ತಿದ್ದರು. ಒಂದು ಮಗುವಿನ ಗುಲ್ಮ ಆ ಮಗುವಿನ ಕಾಯಿಲೆ. ನೂರು ಮಕ್ಕಳ ಗುಲ್ಮ ಊರಿನ ಕಾಲುವೆಯ ಕಥೆ. ಸಾರ್ವಜನಿಕ ಆರೋಗ್ಯದ ಅಂಕಿಗಳಿಂದ ಆಗುವ ಕೆಲಸವೇ ಇದು.

ಇಂದು ಈ ಜಿಲ್ಲೆಯಲ್ಲಿ ಹಾಗೆ ಎಣಿಸಿ ನೋಡಬೇಕಾದ ಸಂಗತಿಯೊಂದಿದೆ: ಹುಟ್ಟುವ ಮಕ್ಕಳಲ್ಲಿ ಹೆಣ್ಣೆಷ್ಟು, ಗಂಡೆಷ್ಟು ಎಂಬುದು.

ಒಂದೇ ಜಿಲ್ಲೆಯ ಎರಡು ಅಂಕಿಗಳು

2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯಲ್ಲಿ 1000 ಗಂಡಸರಿಗೆ 995 ಹೆಂಗಸರಿದ್ದರು. ರಾಜ್ಯದ ಸರಾಸರಿ 973. ಇಷ್ಟನ್ನೇ ಓದಿದವರಿಗೆ ಮಂಡ್ಯ ಹೆಣ್ಣುಮಕ್ಕಳ ಪಾಲಿಗೆ ಒಳ್ಳೆಯ ಜಿಲ್ಲೆಯೆಂದೇ ತೋರುತ್ತದೆ. ಅದೇ ಜನಗಣತಿಯ ಇನ್ನೊಂದು ಪುಟದಲ್ಲಿ 6 ವರ್ಷದೊಳಗಿನ ಮಕ್ಕಳ ಲೆಕ್ಕವಿದೆ. ಅಲ್ಲಿ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 939 ಮಾತ್ರ. ರಾಜ್ಯದ ಸರಾಸರಿ 948. ಒಂದರಲ್ಲಿ ರಾಜ್ಯಕ್ಕಿಂತ ಮೇಲೆ, ಇನ್ನೊಂದರಲ್ಲಿ ರಾಜ್ಯಕ್ಕಿಂತ ಕೆಳಗೆ. 2001ರಲ್ಲಿಯೂ ಇದೇ ಬಗೆ: ಒಟ್ಟು ಲೆಕ್ಕದಲ್ಲಿ 986, ಮಕ್ಕಳ ಲೆಕ್ಕದಲ್ಲಿ 934.

ಎರಡೂ ಸುಳ್ಳಲ್ಲ. ದುಡಿಮೆಗೆಂದು ಬೆಂಗಳೂರು ಸೇರಿದ ಗಂಡಸರು ಬೆಂಗಳೂರಿನ ಲೆಕ್ಕಕ್ಕೆ ಹೋಗುತ್ತಾರೆ. ಊರಿನಲ್ಲಿ ವಯಸ್ಸಾದ ಹೆಂಗಸರು ವಯಸ್ಸಾದ ಗಂಡಸರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಆದ್ದರಿಂದ 995 ಎಂಬ ಅಂಕಿಯಲ್ಲಿ ವಲಸೆಯೂ ಆಯುಷ್ಯವೂ ಬೆರೆತಿವೆ. ಮಕ್ಕಳ ಅಂಕಿಯಲ್ಲಿ ಆ ಬೆರಕೆ ಬಹುಮಟ್ಟಿಗೆ ಇಲ್ಲ. ಗದ್ದೆಯ ಒಟ್ಟು ಇಳುವರಿ ನೋಡಿ ಮಡಿಯಲ್ಲಿ ಬೀಜ ಎಷ್ಟು ಮೊಳೆಯಿತೆಂದು ಹೇಳಲಾಗದು. ಅದಕ್ಕೆ ಮಡಿಯನ್ನೇ ನೋಡಬೇಕು.

ಪ್ರಕೃತಿಯಲ್ಲಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ಅಂದರೆ 1000 ಗಂಡಿಗೆ ಸುಮಾರು 950 ಹೆಣ್ಣು. ಹೀಗಾಗಿ 1000ಕ್ಕೆ 1000 ಇರಬೇಕೆಂದು ಭಾಷಣಗಳಲ್ಲಿ ಹೇಳುವುದು ಸರಿಯಲ್ಲ. 939 ಎಂಬುದು ಗಡಿಯಂಚಿನ ಅಂಕಿ. ಅದನ್ನು ನೋಡಿ ಎದೆ ಬಡಿದುಕೊಳ್ಳಬೇಕಾಗಿಲ್ಲ, ನಿದ್ದೆ ಮಾಡುವಂತೆಯೂ ಇಲ್ಲ. ಜಿಲ್ಲೆಯ ಸರಾಸರಿಯ ಅಡಿಯಲ್ಲಿ ಸರಿಯಾಗಿರುವ ಊರುಗಳೂ ಕೆಟ್ಟಿರುವ ಊರುಗಳೂ ಒಟ್ಟಿಗೆ ಅಡಗಿರುತ್ತವೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಆಗ ನಡೆಯದೆ ಹೋದುದರಿಂದ ದಶಕಕ್ಕೂ ಹೆಚ್ಚು ಕಾಲ 2011ರ ಅಂಕಿಗಳನ್ನೇ ನೆಚ್ಚಿಕೊಳ್ಳಬೇಕಾಯಿತು. ಊರು ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳಬೇಕೆಂಬುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ 2023ರ ನವೆಂಬರ್‌ನಲ್ಲಿ ಬಯಲಿಗೆ ಬಂದಿತು. ಬೆಂಗಳೂರಿನ ಪೊಲೀಸರು ಭೇದಿಸಿದ ಭ್ರೂಣಲಿಂಗ ಪತ್ತೆ ಮತ್ತು ಹೆಣ್ಣು ಭ್ರೂಣಹತ್ಯೆಯ ಜಾಲದ ತನಿಖೆಯಲ್ಲಿ, ಸ್ಕ್ಯಾನಿಂಗ್ ಯಂತ್ರವಿಟ್ಟು ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದ ಜಾಗ ಮಂಡ್ಯದ ಬಳಿಯ ಒಂದು ಆಲೆಮನೆಯೆಂದು ತಿಳಿದುಬಂತು. ಪ್ರಕರಣವನ್ನು ಸರ್ಕಾರ ಸಿಐಡಿಗೆ ಒಪ್ಪಿಸಿತು. ಗಾಣ ತಿರುಗುವ, ಕೊಪ್ಪರಿಗೆಯಲ್ಲಿ ಹಾಲು ಕುದಿಯುವ ಆಲೆಮನೆಗೆ ಯಾರು ಬಂದರು, ಯಾರು ಹೋದರು ಎಂದು ಕೇಳುವವರಿರುವುದಿಲ್ಲ. ಅಂಥ ಜಾಗವನ್ನೇ ಹುಡುಕಿಕೊಂಡರೆಂದರೆ ಊರಿನ ನಡವಳಿಕೆ ಬಲ್ಲವರೇ ಇದರಲ್ಲಿದ್ದರೆಂದು ಊಹಿಸಬಹುದು.

ಯಾವ ಪುಸ್ತಕ ನೋಡಬೇಕು?

ಜನನ ಮರಣ ನೋಂದಣಿ ಕಾಯಿದೆ 1969ರಲ್ಲಿ ಆಯಿತು. ಅದರಂತೆ ಪ್ರತಿಯೊಂದು ಜನನವನ್ನೂ 21 ದಿನಗಳೊಳಗೆ ವರದಿ ಮಾಡಬೇಕು. ನೋಂದಣಿ ಪುಸ್ತಕವನ್ನೇ ಎಣಿಸಿದರೆ ಆಯಿತಲ್ಲ ಎಂದು ಯಾರಿಗಾದರೂ ಅನಿಸಬಹುದು. ಆದರೆ ಇಲ್ಲಿ ಒಂದು ತೊಡಕಿದೆ. ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ಅದರ ನೋಂದಣಿಯಾಗುತ್ತದೆ, ತಾಯಿ ವಾಸಿಸುವ ಊರಿನಲ್ಲಿ ಅಲ್ಲ. ಗೆಜ್ಜಲಗೆರೆಯಂಥ ಊರಿನ ತಾಯಂದಿರು ಹೆರಿಗೆಗೆ ಮದ್ದೂರಿಗೋ ಮಂಡ್ಯಕ್ಕೋ ಮೈಸೂರಿಗೋ ಹೋಗುತ್ತಾರೆ. ಹಾಗಾಗಿ ಪೇಟೆಯ ಪುಸ್ತಕ ತುಂಬಿರುತ್ತದೆ, ಹಳ್ಳಿಯ ಪುಸ್ತಕ ಬರಿದಾಗಿರುತ್ತದೆ. ಇದರ ಜೊತೆಗೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ. ಆ ಮಗು ತವರಿನ ಆಶಾ ಪುಸ್ತಕದಲ್ಲಿಯೂ ಗಂಡನ ಊರಿನ ಪುಸ್ತಕದಲ್ಲಿಯೂ ಎರಡು ಸಲ ಬರಬಹುದು, ಎರಡರಲ್ಲಿಯೂ ಬಾರದೆ ಹೋಗಬಹುದು.

ಆದ್ದರಿಂದ ಊರಿನ ಲೆಕ್ಕಕ್ಕೆ ಆಶಾ ಕಾರ್ಯಕರ್ತೆಯ ಪುಸ್ತಕವೇ ಮೂಲವಾಗಬೇಕು. ಸಾವಿರ ಜನಕ್ಕೆ ಒಬ್ಬರಂತೆ ಇರುವ ಆಕೆಗೆ ಯಾವ ಮನೆಯ ಸೊಸೆ ಬಸುರಿ, ಯಾವ ಮಗಳು ಬಾಣಂತನಕ್ಕೆ ಬಂದಿದ್ದಾಳೆ ಎಂಬುದು ಗೊತ್ತಿರುತ್ತದೆ. ತಾಯಿ ಕಾರ್ಡಿನ ವಿವರವೂ ಅಲ್ಲಿಯೇ ಸಿಗುತ್ತದೆ. ಗಂಡನ ಮನೆ ಯಾವ ಊರಿನಲ್ಲಿದೆಯೋ ಆ ಊರಿಗೆ ಮಗುವನ್ನು ಸೇರಿಸುವುದೆಂದು ಮೊದಲೇ ಗೊತ್ತುಮಾಡಿಕೊಂಡು, ಆ ಕಟ್ಟಳೆಯನ್ನು ಕೊನೆಯವರೆಗೂ ಬದಲಾಯಿಸದೆ ನಡೆಸಬೇಕು. ಬಳಿಕ ಅಂಗನವಾಡಿಯ ಪಟ್ಟಿಯೊಡನೆ ತಾಳೆ ನೋಡಿದರೆ ಬಿಟ್ಟುಹೋದ ಮಕ್ಕಳು ಸಿಕ್ಕುತ್ತಾರೆ.

ಸಣ್ಣ ಊರಿನ ಅಂಕಿ ಮೋಸ ಮಾಡುತ್ತದೆ

ಈ ಲೆಕ್ಕದಲ್ಲಿ ಓದಿದವರೂ ಎಡವುವ ಜಾಗ ಇದು. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಒಂದು ಊರಿನಲ್ಲಿ ವರ್ಷಕ್ಕೆ 40 ಹೆರಿಗೆ ಎಂದಿಟ್ಟುಕೊಂಡರೆ, ನೂರಕ್ಕೆ ಸುಮಾರು 49ರಂತೆ 20 ಹೆಣ್ಣು ಹುಟ್ಟಬೇಕು. ಆದರೆ ನಾಣ್ಯವನ್ನು 40 ಸಲ ಚಿಮ್ಮಿದರೆ ಸರಿಯಾಗಿ 20 ಸಲ ತಲೆ ಬೀಳುವುದಿಲ್ಲವಲ್ಲ, ಹಾಗೆಯೇ ಇಲ್ಲಿಯೂ ಏರುಪೇರು ಸಹಜ. ಎಷ್ಟು ಏರುಪೇರು ಸಹಜವೆಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಒಟ್ಟು ಹೆರಿಗೆಗಳ ವರ್ಗಮೂಲವನ್ನು ತೆಗೆದು, ನಿರೀಕ್ಷೆಯ ಅಂಕಿಗೆ ಅಷ್ಟನ್ನು ಕೂಡಬೇಕು, ಅಷ್ಟನ್ನೇ ಕಳೆಯಬೇಕು. 40ರ ವರ್ಗಮೂಲ ಸುಮಾರು 6. ಹೀಗಾಗಿ 14ರಿಂದ 26ರವರೆಗೆ ಎಷ್ಟು ಹೆಣ್ಣು ಹುಟ್ಟಿದರೂ ಅದು ಅದೃಷ್ಟದ ಆಟವಿರಬಹುದು. ಯಾರ ಕೈವಾಡವೂ ಇಲ್ಲದೆ 20 ವರ್ಷಗಳಲ್ಲಿ 19 ವರ್ಷ ಅಂಕಿ ಈ ಎರಡು ಮೇರೆಗಳೊಳಗೆ ಇರುತ್ತದೆ, ಒಂದು ವರ್ಷ ಮಾತ್ರ ಆಚೆ ಜಿಗಿಯುತ್ತದೆ.

14 ಹೆಣ್ಣು, 26 ಗಂಡು ಹುಟ್ಟಿದ ವರ್ಷವನ್ನು ಸಾವಿರದ ಲೆಕ್ಕಕ್ಕೆ ತಂದರೆ 538 ಆಗುತ್ತದೆ. 'ಈ ಊರಿನಲ್ಲಿ ಸಾವಿರ ಗಂಡಿಗೆ 538 ಹೆಣ್ಣು' ಎಂದು ಪತ್ರಿಕೆಯಲ್ಲಿ ಬಂದರೆ ಊರಿನ ಮಾನ ಹೋಗುತ್ತದೆ. ಮರುವರ್ಷ ಅದೇ ಊರಿನಲ್ಲಿ 26 ಹೆಣ್ಣು ಹುಟ್ಟಿದರೆ 1857 ಎಂದು ಬಹುಮಾನ ಕೊಡಬೇಕಾಗುತ್ತದೆ! ಒಂದು ವರ್ಷದ, ಒಂದು ಊರಿನ ಅಂಕಿಯನ್ನು ಸಾವಿರಕ್ಕೆ ಏರಿಸಿ ಹೇಳುವುದನ್ನು ವಿಸ್ತರಣಾ ಕಾರ್ಯಕರ್ತರು ಬಿಟ್ಟುಬಿಡುವುದೇ ಒಳ್ಳೆಯದು.

ಹೆರಿಗೆಗಳು ಹೆಚ್ಚಾದಂತೆ ಲೆಕ್ಕಕ್ಕೆ ಬಲ ಬರುತ್ತದೆ. ಬಯಲುಸೀಮೆಯಲ್ಲಿ ಸುಮಾರು 5000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರವಿರುತ್ತದೆ. ಅಂಥ ಒಂದು ಉಪಕೇಂದ್ರದ ಊರುಗಳಲ್ಲಿ ವರ್ಷಕ್ಕೆ 65ರಂತೆ 5 ವರ್ಷಕ್ಕೆ 325 ಹೆರಿಗೆಗಳಾದವೆಂದೂ, ಅದರಲ್ಲಿ 150 ಹೆಣ್ಣು, 175 ಗಂಡು ಎಂದೂ ಉದಾಹರಣೆಗೆ ಇಟ್ಟುಕೊಳ್ಳಬಹುದು. ಸಾವಿರಕ್ಕೆ 857. ಕೇಳಲು ಭಯವಾಗುವಂತಿದೆ. ನಿರೀಕ್ಷೆ 159, 325ರ ವರ್ಗಮೂಲ 18, ಮೇರೆ 141ರಿಂದ 177. ಅಂದರೆ 150 ಎಂಬುದು ಇನ್ನೂ ಮೇರೆಯೊಳಗೇ ಇದೆ. ಇಷ್ಟರಿಂದಲೇ ಊರಿನ ಮೇಲೆ ದೋಷ ಹೊರಿಸಲಾಗದು.

ಎರಡನೆಯ ಮಗುವಿನ ಸಾಲು

ಹಾಗಾದರೆ ಲೆಕ್ಕದಿಂದ ಏನೂ ತಿಳಿಯುವುದಿಲ್ಲವೆ? ತಿಳಿಯುತ್ತದೆ, ಆದರೆ ಬಿಡಿಸಿ ನೋಡಬೇಕು. ಚೊಚ್ಚಲ ಮಗು ಹೆಣ್ಣಾದರೆ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ 'ಲಕ್ಷ್ಮಿ ಬಂದಳು' ಎನ್ನುತ್ತಾರೆ. ಎರಡನೆಯ ಬಸುರಿನಲ್ಲಿ ಮಾತಿನ ಧಾಟಿ ಬದಲಾಗುತ್ತದೆ. ಲಿಂಗ ಆಯ್ಕೆ ನಡೆಯುತ್ತಿದ್ದರೆ ಅದು ಕಾಣುವುದು ಇಲ್ಲಿಯೇ.

ದೇಶದ 11 ಲಕ್ಷ ಮನೆಗಳಲ್ಲಿ 1998ರಲ್ಲಿ ನಡೆದ ಸಮೀಕ್ಷೆಯ ಅಂಕಿಗಳನ್ನು ಪ್ರಭಾತ್ ಝಾ, ರಾಜೇಶ್ ಕುಮಾರ್ ಮತ್ತು ಸಂಗಡಿಗರು ಹೀಗೆ ಬಿಡಿಸಿ, 2006ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲನೆಯದು ಹೆಣ್ಣಾಗಿದ್ದ ಮನೆಗಳಲ್ಲಿ ಎರಡನೆಯ ಹೆರಿಗೆಗೆ 1000 ಗಂಡಿಗೆ 759 ಹೆಣ್ಣು ಮಾತ್ರ ಹುಟ್ಟಿದ್ದವು. ಮೊದಲ ಎರಡೂ ಹೆಣ್ಣಾಗಿದ್ದರೆ ಮೂರನೆಯದರಲ್ಲಿ 719. ಮೊದಲನೆಯದು ಗಂಡಾಗಿದ್ದ ಮನೆಗಳಲ್ಲಿ ಮಾತ್ರ ಹೆಣ್ಣು ಗಂಡು ಹೆಚ್ಚುಕಡಮೆ ಸಮನಾಗಿದ್ದವು. ಪ್ರಕೃತಿಗೆ ಹಿಂದಿನ ಮಗು ಯಾವುದೆಂಬ ನೆನಪಿಲ್ಲ; ನೆನಪಿರುವುದು ಮನುಷ್ಯರಿಗೆ.

ಮೇಲಿನ ಉದಾಹರಣೆಯ 325 ಹೆರಿಗೆಗಳನ್ನು ಇದೇ ರೀತಿ ಬಿಡಿಸಿದಾಗ, ಮೊದಲನೆಯದು ಹೆಣ್ಣಾದ ಮನೆಗಳ ಎರಡನೆಯ ಹೆರಿಗೆಗಳು 60 ಇದ್ದು, ಅದರಲ್ಲಿ 18 ಹೆಣ್ಣು, 42 ಗಂಡು ಎಂದು ಬಂದರೆ ಚಿತ್ರವೇ ಬೇರೆ. 60ಕ್ಕೆ ನಿರೀಕ್ಷೆ 29, ವರ್ಗಮೂಲ ಸುಮಾರು 8, ಮೇರೆ 21ರಿಂದ 37. 18 ಅದರ ಕೆಳಗಿದೆ. ಉಳಿದ 265 ಹೆರಿಗೆಗಳಲ್ಲಿ 132 ಹೆಣ್ಣು, 133 ಗಂಡು. ಅಲ್ಲಿ ಯಾವ ಕೊರತೆಯೂ ಇಲ್ಲ. ಒಟ್ಟು ಲೆಕ್ಕದಲ್ಲಿ ಮುಚ್ಚಿಕೊಂಡಿದ್ದದ್ದು ಒಂದು ಸಾಲಿನಲ್ಲಿ ತೆರೆದುಕೊಂಡಿತು. ಹೊಲದ ಒಂದು ಮೂಲೆಗೆ ಮಾತ್ರ ರೋಗ ಬಿದ್ದಾಗ ಇಡೀ ಹೊಲದ ಸರಾಸರಿ ನೋಡುತ್ತ ಕೂತರೆ ಹೇಗೋ ಹಾಗೆ.

ಇಲ್ಲಿ ಡೇರಿಯ ಇನ್ನೊಂದು ಸಂಗತಿ ನೆನಪಾಗುವುದು ಸಹಜ. ಇತ್ತೀಚಿನ ವರ್ಷಗಳಲ್ಲಿ ಲಿಂಗ ವಿಂಗಡಿಸಿದ ವೀರ್ಯದ ನಳಿಕೆಗಳು ಬಂದಿವೆ. ಅದರಿಂದ ನೂರಕ್ಕೆ ಸುಮಾರು 90ರಷ್ಟು ಹೆಣ್ಣು ಕರುಗಳೇ ಹುಟ್ಟುತ್ತವೆ. ಹೆಣ್ಣುಕರುವಿಗಾಗಿ ರೈತರು ಹೆಚ್ಚಿನ ಹಣ ಕೊಡಲೂ ಸಿದ್ಧರಿರುತ್ತಾರೆ. ಲಿಂಗವನ್ನು ನಿರ್ಧರಿಸುವುದು ವೀರ್ಯ, ಗರ್ಭವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಆದರೂ ಎರಡನೆಯದೂ ಹೆಣ್ಣಾಯಿತೆಂದು ಬೈಸಿಕೊಳ್ಳುವವಳು ಸೊಸೆಯೇ.

ಮದುವೆಯಾಗದ ರೈತರು

2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರು ಪಾದಯಾತ್ರೆ ಹೊರಟರು. ಅವರಲ್ಲಿ ಹೆಚ್ಚಿನವರು ರೈತರ ಮಕ್ಕಳು. ವ್ಯವಸಾಯಗಾರನಿಗೆ ಹೆಣ್ಣು ಸಿಗುತ್ತಿಲ್ಲ, ಮಾದಪ್ಪನೇ ದಾರಿ ತೋರಿಸಬೇಕು ಎಂಬುದು ಅವರ ಹರಕೆ. ಹಲವರು ನಕ್ಕರು. ಭ್ರೂಣಹತ್ಯೆಯ ಫಲ ಇದು ಎಂದು ಕೆಲವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು.

ಲೆಕ್ಕ ಅಷ್ಟು ಸರಳವಲ್ಲ. ಆ ವರ್ಷ 30 ತುಂಬಿದವರು 1993ರಲ್ಲಿ ಹುಟ್ಟಿದವರು. ಗಂಡು ತನಗಿಂತ ನಾಲ್ಕೈದು ವರ್ಷ ಚಿಕ್ಕವಳನ್ನು ಮದುವೆಯಾಗುವ ವಾಡಿಕೆಯಿರುವಾಗ, ಅವರ ಜೋಡಿಗಳು 1997-98ರಲ್ಲಿ ಹುಟ್ಟಿದವರಾಗಿರಬೇಕು. ವರ್ಷದಿಂದ ವರ್ಷಕ್ಕೆ ಹೆರಿಗೆಗಳೇ ಕಡಮೆಯಾಗುತ್ತಿದ್ದರೆ, ಯಾವ ತಪ್ಪೂ ನಡೆಯದಿದ್ದರೂ ಹಿಂದಿನ ವರ್ಷಗಳ ಗಂಡುಗಳಿಗೆ ಮುಂದಿನ ವರ್ಷಗಳ ಹೆಣ್ಣುಗಳು ಸಾಲುವುದಿಲ್ಲ. ಮಂಡ್ಯದಲ್ಲಿ ಹೆರಿಗೆಗಳು ಬೇಗನೆ ಇಳಿದವು. ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17,63,705 ಇದ್ದದ್ದು 2011ರಲ್ಲಿ 18,05,769 ಆಯಿತು. ಹತ್ತು ವರ್ಷಕ್ಕೆ ನೂರಕ್ಕೆ ಎರಡೂವರೆಯಷ್ಟೂ ಬೆಳೆಯಲಿಲ್ಲ. ಅದೇ ಅವಧಿಯಲ್ಲಿ ರಾಜ್ಯ ನೂರಕ್ಕೆ ಹದಿನೈದಕ್ಕೂ ಹೆಚ್ಚು ಬೆಳೆದಿತ್ತು. ಇದಕ್ಕೆ ಹುಡುಗಿಯರ ಓದು ಸೇರಿತು, ಬೆಂಗಳೂರಿನ ಸಂಬಳ ಸೇರಿತು, ಹಿಸ್ಸೆಯಾಗಿ ಹಿಸ್ಸೆಯಾಗಿ ಗುಂಟೆಗೆ ಇಳಿದ ಜಮೀನು ಸೇರಿತು. ಮಗಳನ್ನು ಸಗಣಿ ಬಾಚುವ ಮನೆಗೆ ಕೊಡಲಾರೆ ಎನ್ನುವ ತಂದೆ ಸ್ವತಃ ರೈತನೇ ಆಗಿರುತ್ತಾನೆ. ಇವೆಲ್ಲದರ ಮೇಲೆ, ಹುಟ್ಟಬೇಕಾಗಿದ್ದ ಹೆಣ್ಣುಮಕ್ಕಳ ಕೊರತೆಯೂ ಬಿದ್ದರೆ ಮುಂದಿನ ತಲೆಮಾರಿನ ಕಷ್ಟ ಇನ್ನೂ ಹೆಚ್ಚುತ್ತದೆ. ಆದರೆ ಕಾರಣಗಳನ್ನು ಕಲಸಿಬಿಟ್ಟರೆ ಒಂದಕ್ಕೂ ಮದ್ದು ಸಿಗದು.

ಕೆಟ್ಟ ಅಂಕಿ ಮತ್ತೆ ಸರಿಹೋಗಬಲ್ಲದೆಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. 1990ರಲ್ಲಿ ಅಲ್ಲಿ 100 ಹೆಣ್ಣಿಗೆ 116 ಗಂಡು ಹುಟ್ಟುತ್ತಿದ್ದವು. 2007ರ ಹೊತ್ತಿಗೆ ಅದು ಪ್ರಕೃತಿಯ ಮಟ್ಟಕ್ಕೆ ಇಳಿಯಿತು. ಕಾನೂನಿನ ಬಿಗಿಯ ಜೊತೆಗೆ ಹೆಣ್ಣುಮಕ್ಕಳ ಓದು, ದುಡಿಮೆ, ಮನೆತನದ ಹಕ್ಕು ಎಲ್ಲವೂ ಅಲ್ಲಿ ಬದಲಾದವು. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿನ ಕಾನೂನು 1994ರಲ್ಲಿಯೇ ಬಂದಿದೆ. ಎಷ್ಟು ಪಹಣಿಗಳಲ್ಲಿ ಮಗಳ ಹೆಸರು ಏರಿದೆಯೆಂಬುದನ್ನೂ ಊರಿನವರು ಒಮ್ಮೆ ಎಣಿಸಿ ನೋಡಬಹುದು.

ಲೆಕ್ಕದಿಂದ ಆಗಬಾರದ ಕೆಲಸ

ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆ 1996ರ ಜನವರಿ 1ರಿಂದ ಜಾರಿಯಲ್ಲಿದೆ. ಲಿಂಗ ಹೇಳುವವರಿಗೂ, ಕೇಳಿಕೊಂಡು ಹೋಗುವ ಗಂಡ ಮತ್ತು ನೆಂಟರಿಗೂ ಮೊದಲ ತಪ್ಪಿಗೆ 3 ವರ್ಷದವರೆಗೆ ಸೆರೆವಾಸವಿದೆ. ಬಲವಂತಕ್ಕೆ ಒಳಗಾದ ಗರ್ಭಿಣಿಗೆ ಈ ಶಿಕ್ಷೆ ತಟ್ಟುವುದಿಲ್ಲ. ನೋಂದಣಿಯಿಲ್ಲದ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರವಿದೆಯೆಂದು ತಿಳಿದರೆ ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕು. ದೂರು ಯಂತ್ರದ ಮೇಲೆ, ದಂಧೆಯ ಮೇಲೆ.

ಗರ್ಭಪಾತವೆಲ್ಲವೂ ಅಪರಾಧವಲ್ಲ. 1971ರ ಕಾಯಿದೆಯ ಮಿತಿಯೊಳಗೆ ವೈದ್ಯರ ಮೂಲಕ ಗರ್ಭ ತೆಗೆಸಿಕೊಳ್ಳುವುದು ಕಾನೂನುಬದ್ಧ. ತಾನಾಗಿಯೇ ಗರ್ಭ ಇಳಿದ ತಾಯಂದಿರೂ ಇರುತ್ತಾರೆ. ಅಂಥವು ಬಹುಪಾಲು ಮೊದಲ ಮೂರು ತಿಂಗಳಲ್ಲಿ ಆಗುತ್ತವೆ. ಸ್ಕ್ಯಾನಿಂಗ್‌ನಲ್ಲಿ ಲಿಂಗ ಗೊತ್ತಾಗುವ ನಾಲ್ಕು ಐದನೆಯ ತಿಂಗಳಲ್ಲಿ, ಅದೂ ಮೊದಲನೆಯದು ಹೆಣ್ಣಾದ ಮನೆಗಳಲ್ಲಿ, ಪಟ್ಟಿಯಿಂದ ಮಾಯವಾಗುವ ಬಸುರುಗಳು ಹೆಚ್ಚಾಗಿದ್ದರೆ ಅದು ವೈದ್ಯಾಧಿಕಾರಿಯು ಗಮನಿಸಬೇಕಾದ ಅಂಕಿ. ಅದನ್ನು ಹಿಡಿದುಕೊಂಡು ಯಾರೂ ಒಂದು ಮನೆಯ ಬಾಗಿಲಿಗೆ ಹೋಗಬಾರದು. ಆಶಾ ಕಾರ್ಯಕರ್ತೆ ಬೇಹುಗಾರಳೆಂದು ಒಮ್ಮೆ ಹೆಸರಾದರೆ ಮರುತಿಂಗಳಿಂದ ಬಸುರಿಯರು ಆಕೆಗೆ ಹೇಳುವುದನ್ನೇ ನಿಲ್ಲಿಸುತ್ತಾರೆ. ಕಬ್ಬಿಣಾಂಶದ ಮಾತ್ರೆ ತಪ್ಪುತ್ತದೆ, ರಕ್ತದೊತ್ತಡ ನೋಡುವುದು ತಪ್ಪುತ್ತದೆ, ಮಗು ಉಳಿಸಲು ಹೊರಟ ಲೆಕ್ಕ ತಾಯಿಯ ಜೀವಕ್ಕೆ ಎರವಾಗುತ್ತದೆ.

ಇದೇ ಪುಸ್ತಕಗಳಿಂದ ಎರಡೂವರೆ ಕಿಲೋಗಿಂತ ಕಡಮೆ ತೂಕದ ಮಕ್ಕಳನ್ನೂ, ಒಂದು ವರ್ಷದೊಳಗೆ ತೀರಿಹೋದ ಮಕ್ಕಳನ್ನೂ ಎಣಿಸಬಹುದು. ಸಾವಿನಂಥ ಅಪರೂಪದ ಸಂಗತಿಗೆ ಮೇರೆ ಹಾಕುವ ಬಗೆ ಸ್ವಲ್ಪ ಬೇರೆ: ಬಂದ ಅಂಕಿಯದೇ ವರ್ಗಮೂಲವನ್ನು ಇಮ್ಮಡಿ ಮಾಡಬೇಕು. 4 ಸಾವುಗಳಿದ್ದರೆ ವರ್ಗಮೂಲ 2, ಅದರ ಇಮ್ಮಡಿ 4. ಅಂದರೆ ಮರುವರ್ಷ 8 ಆದರೂ ಅಂಕಿ ಒಂದೇ ಏನನ್ನೂ ಸಾಬೀತು ಮಾಡದು. ಆದರೆ ಪ್ರತಿಯೊಂದು ಸಾವಿನ ಕಾರಣವನ್ನು ಕೇಳಿ ತಿಳಿಯಲು ಮೇರೆ ದಾಟುವವರೆಗೂ ಕಾಯಬೇಕಾಗಿಲ್ಲ.

ಊರಿನ ಮುಂದೆ ಇಡುವ ಹಾಳೆಯಲ್ಲಿ ಐದು ಮನೆ ಸಾಕು: ವರ್ಷ, ಎಷ್ಟನೆಯ ಹೆರಿಗೆ, ಹಿಂದಿನ ಮಗು ಯಾವುದು, ಹುಟ್ಟಿದ ಹೆಣ್ಣು, ಹುಟ್ಟಿದ ಗಂಡು. ತಾಯಿಯ ಹೆಸರಿಗಾಗಲಿ ಬೀದಿಯ ಹೆಸರಿಗಾಗಲಿ ಅಲ್ಲಿ ಜಾಗವಿರಬಾರದು. ಬೆರಳೆಣಿಕೆಯ ಮನೆಗಳಿರುವ ಊರಿನಲ್ಲಿ ಹೆಸರಿಲ್ಲದೆಯೂ ಗುರುತು ಸಿಕ್ಕಿಬಿಡುವುದರಿಂದ ಅಂಥ ಊರನ್ನು ಪಕ್ಕದ ಊರಿನೊಡನೆ ಕೂಡಿಸಿ ಬರೆಯಬೇಕು. ಐದು ವರ್ಷದ ಮೊತ್ತವಾದ ಮೇಲೆ, ಪ್ರತಿ ಏಪ್ರಿಲ್‌ನಲ್ಲಿ ಹಳೆಯ ವರ್ಷದ ಸಾಲೊಂದನ್ನು ಹೊಡೆದುಹಾಕಿ ಹೊಸ ವರ್ಷದ ಸಾಲೊಂದನ್ನು ಸೇರಿಸಿ ಮತ್ತೆ ಕೂಡಬೇಕು.